ಮೊದಲ ಹಿಮವನ್ನು ನಂಬಬೇಡಿ

ಹಿಮ ಕಡಿಮೆ ಇದ್ದರೆ ಅಪಾಯವೂ ಕಡಿಮೆ ಎಂಬುದು ನಮ್ಮ ಬಯಲುಸೀಮೆಯ ಲೆಕ್ಕ. ಮುಂಡರಗಿಯಲ್ಲಿ ಭೂಗೋಳ ಕಲಿಸಿದವನು ನಾನು. ಡಿಸೆಂಬರ್ ಬಂತೆಂದರೆ ಹಳೆಯ ವಿದ್ಯಾರ್ಥಿಗಳು ಫೋನ್ ಮಾಡುತ್ತಾರೆ: “ಸರ್, ಗುಲ್ಮಾರ್ಗಕ್ಕ ಹೊಂಟೀವಿ, ಸ್ಕೀಯಿಂಗ್ ಕಲೀತೀವಿ. ಹಿಮ ಇನ್ನೂ ಭಾಳ ಬಿದ್ದಿಲ್ಲಂತ, ಏನೂ ಅಂಜಿಕಿಲ್ಲ.” ಕಪ್ಪತಗುಡ್ಡ ಹತ್ತಿಳಿದ ಹುಡುಗರು, ಕಾಲು ಗಟ್ಟಿ. ಲೆಕ್ಕ ಮಾತ್ರ ತಪ್ಪು.

ಹಂಗಾಮಿನ ಮೊದಲ ಹಿಮ ತೆಳ್ಳಗೆ ಬೀಳುತ್ತದೆ. ಅದರಡಿಯ ನೆಲದಲ್ಲಿ ಇನ್ನೂ ಬಿಸುಪಿರುತ್ತದೆ, ಮೇಲಿನ ಗಾಳಿ ಕೊರೆಯುತ್ತಿರುತ್ತದೆ. ಈ ಎರಡರ ನಡುವೆ ಸಿಕ್ಕ ಹಿಮದಲ್ಲಿ ನೀರಾವಿ ಮೇಲೇರುತ್ತ ಹರಳುಗಳನ್ನು ದಪ್ಪಗೆ, ಮೂಲೆಮೂಲೆಯಾಗಿ ಮಾಡುತ್ತದೆ. ಅವು ಒಂದಕ್ಕೊಂದು ಅಂಟುವುದಿಲ್ಲ. ಮುಂದೆ ಹೊಸ ಹಿಮ ಬಿದ್ದು, ಗಾಳಿ ಅದನ್ನು ಒತ್ತಿ ಗಟ್ಟಿ ಪದರ ಮಾಡಿದಾಗ, ಜೋಳದ ಕಾಳಿನ ಮೇಲೆ ಹಲಗೆ ಇಟ್ಟಂತಾಯಿತು. 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಅದನ್ನು ಜಾರಿಸಲು ಒಬ್ಬ ಮನುಷ್ಯನ ಭಾರ ಸಾಕು. ಸಿಕ್ಕಿಬೀಳುವವರಲ್ಲಿ ಬಹುಪಾಲು ಮಂದಿಯ ಮೇಲೆ ಆ ಹಿಮವನ್ನು ಕೆಡಹಿದ್ದು ಅವರೇ ಅಥವಾ ಅವರ ಜೊತೆಗಾರರೇ.

2022ರ ಅಕ್ಟೋಬರ್ 4ರಂದು, ಮಳೆಗಾಲ ಹಿಂದೆ ಸರಿಯುತ್ತಿದ್ದ ಹೊತ್ತಿಗೆ, ಉತ್ತರಕಾಶಿಯ ದ್ರೌಪದಿ ಕಾ ಡಾಂಡಾದಲ್ಲಿ ನೆಹರೂ ಪರ್ವತಾರೋಹಣ ಸಂಸ್ಥೆಯ ತಂಡದ ಮೇಲೆ ಹಿಮ ಕುಸಿಯಿತು. 27 ಶವಗಳು ಸಿಕ್ಕವು, ಇಬ್ಬರು ಸಿಗಲೇ ಇಲ್ಲ. ಬಲಿಯಾದವರಲ್ಲಿ ಬೆಂಗಳೂರಿನ ಇಬ್ಬರಿದ್ದರು. ಅದು ಕಲಿಯಲೆಂದೇ ಹೋದ ತಂಡ, ಜೊತೆಗೆ ನುರಿತ ಗುರುಗಳೂ ಇದ್ದರು.

ನಮ್ಮ ಕಡೆ ಹಿಮಕುಸಿತ ಅಂದರೆ ನೆನಪಾಗುವುದು ಹನುಮಂತಪ್ಪ ಕೊಪ್ಪದ. ಲಕ್ಷ್ಮೇಶ್ವರದ ನೆರೆಯ ಕುಂದಗೋಳ ತಾಲ್ಲೂಕಿನ ಬೆಟದೂರಿನವರು, ಮದ್ರಾಸ್ ರೆಜಿಮೆಂಟಿನ ಲ್ಯಾನ್ಸ್ ನಾಯಕ್. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ, 19,600 ಅಡಿ ಎತ್ತರದ ಸೋನಮ್ ಠಾಣೆಯ ಹತ್ತು ಯೋಧರು ಹಿಮದಡಿ ಹೂತುಹೋದರು. 8ರಂದು ಸುಮಾರು 25 ಅಡಿ ಆಳದಿಂದ ಹನುಮಂತಪ್ಪ ಅವರನ್ನು ಜೀವಂತ ಹೊರತೆಗೆದಾಗ ಗದಗಿನಿಂದ ಶಿರಹಟ್ಟಿಯವರೆಗೂ ಜನ ದೇವರಿಗೆ ಹರಕೆ ಹೊತ್ತರು. 11ರಂದು ಅವರು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಉಳಿದ ಒಂಬತ್ತು ಮಂದಿಯಲ್ಲಿ ಒಬ್ಬರೂ ಬದುಕಿರಲಿಲ್ಲ.

ಹಿಮದಡಿ ದಿನಗಟ್ಟಲೆ ಬದುಕಬಹುದು ಎಂಬ ನಂಬಿಕೆ ನಮ್ಮವರಲ್ಲಿ ಬೇರೂರಿದ್ದು ಆ ವಾರವೇ. ಹಾಗೆ ಬದುಕುವುದು ಅಪರೂಪದಲ್ಲಿ ಅಪರೂಪ. ಹದಿನೈದು ನಿಮಿಷದೊಳಗೆ ಅಗೆದು ತೆಗೆದವರಲ್ಲಿ ಹೆಚ್ಚಿನವರು ಉಳಿಯುತ್ತಾರೆ. ಅರ್ಧ ಗಂಟೆ ದಾಟಿದರೆ ಆಸೆ ಬಹಳ ಕಡಿಮೆ, ಮುಖ್ಯವಾಗಿ ಉಸಿರುಗಟ್ಟಿಯೇ ಸಾಯುತ್ತಾರೆ. ಅಷ್ಟರೊಳಗೆ ಹೆಲಿಕಾಪ್ಟರ್ ಬರುವುದಿಲ್ಲ. ಉಳಿಸಬೇಕಾದವರು ಪಕ್ಕದ ಗೆಳೆಯರೇ. ಅದಕ್ಕೆ ಪ್ರತಿಯೊಬ್ಬರ ಮೈಮೇಲೂ ಸಂಕೇತ ಕಳಿಸುವ ಟ್ರಾನ್ಸೀವರ್, ಚೀಲದಲ್ಲಿ ಚುಚ್ಚಿ ಹುಡುಕುವ ಉದ್ದನೆಯ ಕೋಲು, ಸಲಿಕೆ ಇರಬೇಕು. ಬಳಸಿ ಅಭ್ಯಾಸವೂ ಇರಬೇಕು. ಸಲಿಕೆಯನ್ನು ಒಬ್ಬನ ಚೀಲಕ್ಕೇ ಹಾಕಿ, ಅವನೇ ಹೂತುಹೋದರೆ?

ಕಾಲಡಿ “ಧಪ್” ಎಂದು ಕುಸಿದ ಸದ್ದು ಕೇಳಿದರೆ, ಸ್ಕೀಯ ಮುಂದೆ ಬಿರುಕು ಓಡಿದರೆ, ಆ ಇಳಿಜಾರು ಬಿಟ್ಟು ಹಿಂದಿರುಗಬೇಕು. ಕಡಿದಾದ ಜಾಗ ದಾಟುವಾಗ ಒಬ್ಬೊಬ್ಬರಾಗಿಯೇ ದಾಟಬೇಕು.

ಚಂಡೀಗಢದಲ್ಲಿರುವ ರಕ್ಷಣಾ ಇಲಾಖೆಯ ಸಂಸ್ಥೆ ಡಿಜಿಆರ್‌ಇ ಹಿಮಾಲಯದ ಹಿಮಕುಸಿತದ ಮುನ್ಸೂಚನೆ ಕೊಡುತ್ತದೆ. ದುಡ್ಡು ಕಟ್ಟುವ ಮೊದಲು ನಿಮ್ಮ ಟ್ರೆಕ್ ಕಂಪನಿಯವರನ್ನು ಕೇಳಿ: ಅದನ್ನು ದಿನವೂ ನೋಡುತ್ತೀರಾ, ಅಪಾಯ ಎಂದಿದ್ದರೆ ಹಿಂದಿರುಗಿಸಿ ಕರೆತರುತ್ತೀರಾ? ತಡವರಿಸಿದರೆ ಅವರಿಗೆ ದುಡ್ಡು ಕಟ್ಟಬೇಡಿ.