ಮಲೆನಾಡಿನ ರಸ್ತೆ ಮತ್ತು ಎಂಜಿನ್ನಿನ ವಿಳಂಬ: ಮ್ಯಾನ್ಯುಯಲ್ ಗೇರ್ ಕಾರುಗಳಲ್ಲಿ ದೋಷನಿದಾನದ ಕ್ರಮ

ಚಿಕ್ಕಮಗಳೂರು ಜಿಲ್ಲೆಯ ನರಸಿಂಹರಾಜಪುರ, ಕೊಪ್ಪ ಮತ್ತು ಶೃಂಗೇರಿ ತಾಲ್ಲೂಕುಗಳ ಜನಜೀವನ ರಸ್ತೆಯನ್ನೇ ನೆಚ್ಚಿಕೊಂಡಿದೆ. ಹಿಂದೆ ಎಡೇಹಳ್ಳಿ ಎಂಬ ಹೆಸರಿದ್ದ ನರಸಿಂಹರಾಜಪುರಕ್ಕೆ ಒಂದು ಕಾಲದಲ್ಲಿ ತರೀಕೆರೆಯಿಂದ ಕಿರಿದಾದ ಹಳಿಯ ಟ್ರಾಮ್ ಮಾರ್ಗವಿತ್ತು. ಅದು ನಿಂತುಹೋದ ಮೇಲೆ ಈ ಸೀಮೆಗೆ ರೈಲಿನ ಸಂಪರ್ಕ ಮರಳಿ ಬರಲಿಲ್ಲ. ಅಡಿಕೆ, ಕಾಫಿ, ಮೆಣಸುಗಳ ಸಾಗಣೆಯಾಗಲಿ, ಶಿವಮೊಗ್ಗದ ಆಸ್ಪತ್ರೆಗೆ ಹೊರಟ ರೋಗಿಯ ಪಯಣವಾಗಲಿ, ಎಲ್ಲವೂ ಏರಿಳಿತ ಮತ್ತು ತಿರುವುಗಳಿಂದ ತುಂಬಿದ ರಸ್ತೆಯ ಮೇಲೆಯೇ ನಡೆಯಬೇಕು. ಇಂತಹ ರಸ್ತೆಯಲ್ಲಿ ಚಾಲಕನು ಹೆಜ್ಜೆಹೆಜ್ಜೆಗೂ ಗೇರು ಬದಲಾಯಿಸುತ್ತಾನೆ. ಬಯಲುಸೀಮೆಯ ನೇರ ಹೆದ್ದಾರಿಯಲ್ಲಿ ಗಮನಕ್ಕೇ ಬಾರದ ಸಣ್ಣ ವಿಳಂಬವೊಂದು ಇಲ್ಲಿ ಎದ್ದು ಕಾಣುವುದು ಈ ಕಾರಣದಿಂದಲೇ.

ವರ್ಕ್‌ಶಾಪಿಗೆ ಬರುವ ವಾಹನಮಾಲೀಕರು ಈ ತೊಂದರೆಯನ್ನು ಸಾಮಾನ್ಯವಾಗಿ ಎರಡು ಮಾತುಗಳಲ್ಲಿ ಹೇಳುತ್ತಾರೆ: ‘ಪಿಕಪ್ ಇಲ್ಲ’ ಮತ್ತು ‘ರೇಸ್ ಇಳಿಯುತ್ತಿಲ್ಲ’. ತಂತ್ರಜ್ಞರ ಪರಿಭಾಷೆಯಲ್ಲಿ ಮೊದಲನೆಯದು ಥ್ರಾಟಲ್ ಲ್ಯಾಗ್, ಎರಡನೆಯದು ರೆವ್ ಹ್ಯಾಂಗ್. ಇವೆರಡೂ ಕೆಲವೊಮ್ಮೆ ಯಂತ್ರದ ದೋಷದಿಂದ ಉಂಟಾಗುತ್ತವೆ. ಕೆಲವೊಮ್ಮೆ ತಯಾರಕರೇ ಉದ್ದೇಶಪೂರ್ವಕವಾಗಿ ಅಳವಡಿಸಿದ ನಡವಳಿಕೆಗಳಾಗಿರುತ್ತವೆ. ಈ ವ್ಯತ್ಯಾಸವನ್ನು ಅರಿಯದೆ ದುರಸ್ತಿಗೆ ಕೈಹಾಕಿದರೆ ಸರಿಯಾಗಿದ್ದ ಕ್ಲಚ್ ಪ್ಲೇಟನ್ನು ಬದಲಾಯಿಸಿ ಹಣ ಕಳೆದುಕೊಳ್ಳುವುದೂ ಉಂಟು, ನಿಜವಾದ ದೋಷವನ್ನು ‘ಈ ಗಾಡಿಯ ಗುಣವೇ ಹೀಗೆ’ ಎಂದು ಕಡೆಗಣಿಸಿ ಅಪಾಯವನ್ನು ತಂದುಕೊಳ್ಳುವುದೂ ಉಂಟು. ಆದುದರಿಂದ ವಿನ್ಯಾಸ ಯಾವುದು, ದೋಷ ಯಾವುದು ಎಂಬ ವಿವೇಚನೆಯೇ ಇಲ್ಲಿ ನಿದಾನದ ತಿರುಳು.

ಎರಡು ವಿಳಂಬಗಳ ಸ್ವರೂಪ

ಪೆಟ್ರೋಲ್ ಎಂಜಿನ್ನಿನ ಶಕ್ತಿಯನ್ನು ನಿಯಂತ್ರಿಸುವುದು ಅದರೊಳಕ್ಕೆ ಹೋಗುವ ಗಾಳಿಯ ಪ್ರಮಾಣ. ಗಾಳಿಯ ಮಾರ್ಗದಲ್ಲಿರುವ ಥ್ರಾಟಲ್ ಎಂಬ ತಿರುಗುವ ಬಿಲ್ಲೆ ತೆರೆದಷ್ಟೂ ಗಾಳಿ ಹೆಚ್ಚು ನುಗ್ಗುತ್ತದೆ. ಅದಕ್ಕೆ ತಕ್ಕ ಇಂಧನ ಸೇರಿ ದಹನ ನಡೆಯುತ್ತದೆ. ಆಕ್ಸಿಲರೇಟರನ್ನು ಒತ್ತಿದ ಮೇಲೂ ಎಂಜಿನ್ ತುಸು ಹೊತ್ತು ಮಂಕಾಗಿದ್ದು ಆಮೇಲೆ ಎಚ್ಚೆತ್ತರೆ ಅದು ಥ್ರಾಟಲ್ ಲ್ಯಾಗ್. ಕಾಲು ತೆಗೆದು ಕ್ಲಚ್ ಒತ್ತಿದ ಮೇಲೂ ಎಂಜಿನ್ನಿನ ಸುತ್ತುಗಳು ಇಳಿಯದೆ ಮೇಲೆಯೇ ನಿಂತರೆ ಅದು ರೆವ್ ಹ್ಯಾಂಗ್.

ಎರಡನೆಯದರ ಪರಿಣಾಮವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಒಂದು ಕಾರಿನ ಎರಡನೆಯ ಗೇರಿನ ಅನುಪಾತ 1.9, ಮೂರನೆಯದು 1.3 ಎಂದಿಟ್ಟುಕೊಳ್ಳೋಣ. ಎರಡನೆಯ ಗೇರಿನಲ್ಲಿ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿರುವಾಗ ಮೂರನೆಯ ಗೇರಿಗೆ ಬಂದರೆ, ಅದೇ ವೇಗಕ್ಕೆ ಎಂಜಿನ್ ಸುಮಾರು 2050 ಸುತ್ತುಗಳಿಗೆ ಇಳಿಯಬೇಕು. ಅದು 2800ರಲ್ಲಿಯೇ ನಿಂತಿರುವಾಗ ಕ್ಲಚ್ ಬಿಟ್ಟರೆ ಉಳಿದ 750 ಸುತ್ತುಗಳ ವ್ಯತ್ಯಾಸವನ್ನು ಕ್ಲಚ್ ಪ್ಲೇಟು ತಿಕ್ಕಾಟದಿಂದ ನುಂಗಿಕೊಳ್ಳಬೇಕಾಗುತ್ತದೆ. ಅದು ಶಾಖವಾಗಿ, ಸವೆತವಾಗಿ, ವಾಹನದ ಎಳೆತವಾಗಿ ಪ್ರಕಟವಾಗುತ್ತದೆ. ಬಾಳೆಹೊನ್ನೂರಿನಿಂದ ಕೊಪ್ಪದ ಕಡೆಗೆ ಸಾಗುವ ದಾರಿಯಲ್ಲಿ ಇಂತಹ ಗೇರ್ ಬದಲಾವಣೆಗಳು ಎಷ್ಟು ಬಾರಿ ನಡೆಯುತ್ತವೆಂಬುದನ್ನು ನೆನೆದರೆ ಕ್ಲಚ್ಚಿನ ಆಯುಷ್ಯಕ್ಕೂ ಈ ವಿಳಂಬಕ್ಕೂ ಇರುವ ಸಂಬಂಧ ಸ್ಪಷ್ಟವಾಗುತ್ತದೆ.

ತಂತಿಯಿಂದ ವಿದ್ಯುನ್ಮಾನಕ್ಕೆ

ಕಾರ್ಬ್ಯುರೇಟರಿನ ಕಾಲದಲ್ಲಿ ಪಾದಕ್ಕೂ ಥ್ರಾಟಲಿಗೂ ನಡುವೆ ಒಂದು ಉಕ್ಕಿನ ಕೇಬಲ್ ಮಾತ್ರವಿತ್ತು. ಕೇಬಲ್ ತುಕ್ಕು ಹಿಡಿದರೆ ರೇಸ್ ಇಳಿಯುತ್ತಿರಲಿಲ್ಲ. ಎಣ್ಣೆ ಹಾಕಿದರೆ ಅಥವಾ ಸ್ಪ್ರಿಂಗ್ ಬದಲಾಯಿಸಿದರೆ ತೊಂದರೆ ಮುಗಿಯುತ್ತಿತ್ತು. ಆ ಕಾಲದಲ್ಲಿಯೂ ಥ್ರಾಟಲ್ ಒಮ್ಮೆಲೇ ಮುಚ್ಚಿಕೊಳ್ಳದಂತೆ ತಡೆಯುವ ಡ್ಯಾಶ್‌ಪಾಟ್ ಎಂಬ ಸಣ್ಣ ಸಾಧನ ಕೆಲವು ಕಾರುಗಳಲ್ಲಿತ್ತೆಂಬುದು ಗಮನಾರ್ಹ. ಥ್ರಾಟಲ್ ಥಟ್ಟನೆ ಮುಚ್ಚಿದಾಗ ಗಾಳಿ ಕಡಿಮೆಯಾಗಿ, ಕೊಳವೆಯ ಗೋಡೆಗಂಟಿದ ಇಂಧನ ಆವಿಯಾಗಿ, ಅರೆಬೆಂದ ಹೊಗೆ ಹೊರಬೀಳುವುದನ್ನು ತಪ್ಪಿಸುವುದು ಅದರ ಉದ್ದೇಶವಾಗಿತ್ತು.

ಭಾರತದಲ್ಲಿ 2000ದಿಂದ ಹೊಗೆಯುಗುಳಿಕೆಯ ಮಾನದಂಡಗಳು ಹಂತಹಂತವಾಗಿ ಬಿಗಿಯಾದವು. ಭಾರತ್ ಸ್ಟೇಜ್ 4 ಮಾನದಂಡ 2017ರ ಏಪ್ರಿಲ್‌ನಲ್ಲಿ ದೇಶದಾದ್ಯಂತ ಜಾರಿಗೆ ಬಂದಿತು; ಐದನೆಯ ಹಂತವನ್ನು ಬಿಟ್ಟು 2020ರ ಏಪ್ರಿಲ್‌ನಲ್ಲಿ ಭಾರತ್ ಸ್ಟೇಜ್ 6 ಜಾರಿಯಾಯಿತು. ಈ ಅವಧಿಯಲ್ಲಿ ಕಾರ್ಬ್ಯುರೇಟರ್ ಮರೆಯಾಯಿತು. ಕೇಬಲಿನ ಜಾಗಕ್ಕೆ ವಿದ್ಯುನ್ಮಾನ ಥ್ರಾಟಲ್ ಬಂದಿತು. ಈಗಿನ ಕಾರುಗಳಲ್ಲಿ ಪಾದವು ಥ್ರಾಟಲನ್ನು ತೆರೆಯುವುದಿಲ್ಲ. ಅದು ಕೇವಲ ಕೋರಿಕೆಯೊಂದನ್ನು ಸಲ್ಲಿಸುತ್ತದೆ. ಪೆಡಲಿನ ಸಂವೇದಕ ಆ ಕೋರಿಕೆಯನ್ನು ಎಂಜಿನ್ನಿನ ನಿಯಂತ್ರಕಕ್ಕೆ, ಅಂದರೆ ಇಸಿಯುಗೆ, ಮುಟ್ಟಿಸುತ್ತದೆ. ಬಿಲ್ಲೆಯನ್ನು ಎಷ್ಟು, ಯಾವಾಗ ತಿರುಗಿಸಬೇಕೆಂಬ ತೀರ್ಮಾನ ಇಸಿಯುವಿನದು.

ವಿನ್ಯಾಸದೊಳಗಿನ ವಿಳಂಬ

ಇಸಿಯು ಕೋರಿಕೆಯನ್ನು ಪೂರೈಸಲು ತಡಮಾಡುವುದಕ್ಕೆ ಕಾರಣಗಳಿವೆ. ಥಟ್ಟನೆ ಶಕ್ತಿ ಹರಿದರೆ ವಾಹನ ಜರ್ಕ್ ಹೊಡೆಯುತ್ತದೆ. ಆದುದರಿಂದ ಪೆಡಲಿನ ಆರಂಭದ ಒತ್ತಡವನ್ನು ಅದು ಮೃದುಗೊಳಿಸುತ್ತದೆ. ಟರ್ಬೊ ಅಳವಡಿಸಿದ ಎಂಜಿನ್ನಿನಲ್ಲಿ ಕಡಿಮೆ ಸುತ್ತುಗಳಿರುವಾಗ ಟರ್ಬೊ ಚಕ್ರ ವೇಗ ಪಡೆಯಲು ಕಾಲಾವಕಾಶ ಬೇಕು. ಕಾಲು ತೆಗೆದಾಗ ಥ್ರಾಟಲನ್ನು ಇಸಿಯು ನಿಧಾನವಾಗಿ ಮುಚ್ಚುವುದು ಹಿಂದಿನ ಡ್ಯಾಶ್‌ಪಾಟಿನ ಕೆಲಸವನ್ನೇ ಹೋಲುತ್ತದೆ. ಇದಲ್ಲದೆ, ಇಂಧನವನ್ನು ಒಮ್ಮೆಲೇ ನಿಲ್ಲಿಸಿದರೆ ಬರಿಯ ಗಾಳಿ ಕೆಟಲಿಟಿಕ್ ಕನ್ವರ್ಟರಿಗೆ ನುಗ್ಗಿ, ಅಲ್ಲಿ ಆಮ್ಲಜನಕ ತುಂಬಿಕೊಂಡು, ಸಾರಜನಕದ ಆಕ್ಸೈಡುಗಳನ್ನು ಶುದ್ಧಗೊಳಿಸುವ ಅದರ ಸಾಮರ್ಥ್ಯ ತಾತ್ಕಾಲಿಕವಾಗಿ ಕುಗ್ಗುತ್ತದೆ. ಇದರೊಂದಿಗೆ ಭಾರವಾದ ಫ್ಲೈವೀಲ್ ಇದ್ದರೆ ಅದರ ಜಡತ್ವವೂ ಸುತ್ತುಗಳನ್ನು ಹಿಡಿದಿಡುತ್ತದೆ.

ಎತ್ತರದ ಪ್ರಭಾವವನ್ನೂ ಇಲ್ಲಿ ಪರಿಗಣಿಸಬೇಕು. ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಶೇಕಡಾ ಆರೇಳರಷ್ಟು ಕಡಿಮೆ. ಟರ್ಬೊ ಇಲ್ಲದ ಎಂಜಿನ್ನಿನ ಗರಿಷ್ಠ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ತಗ್ಗುತ್ತದೆ. ಕರಾವಳಿಯಿಂದ ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳನ್ನು ಹತ್ತಿ ಬಂದ ಕಾರು ಕೊಂಚ ಮಂಕಾಗಿ ತೋರಿದರೆ ಅದು ದೋಷವಲ್ಲ.

ದೋಷದಿಂದಾಗುವ ವಿಳಂಬ

ರೇಸ್ ಇಳಿಯದಿರುವುದಕ್ಕೆ ಮುಖ್ಯ ಕಾರಣ ಥ್ರಾಟಲನ್ನು ತಪ್ಪಿಸಿಕೊಂಡು ಒಳನುಗ್ಗುವ ಗಾಳಿ. ಥ್ರಾಟಲಿನ ಆಚೆಗಿರುವ ರಬ್ಬರ್ ಕೊಳವೆ, ಇನ್‌ಟೇಕ್ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್, ಬ್ರೇಕ್ ಬೂಸ್ಟರಿನ ಹೋಸ್ ಅಥವಾ ಕ್ರ್ಯಾಂಕ್‌ಕೇಸಿನ ಹೊಗೆಯನ್ನು ಮರಳಿಸುವ ವಾಲ್ವ್ ಬಿರುಕುಬಿಟ್ಟಿದ್ದರೆ ಇಂತಹ ಸೋರಿಕೆಯಾಗುತ್ತದೆ. ಥ್ರಾಟಲ್ ಬಾಡಿಯಲ್ಲಿ ಮಸಿ ಕಟ್ಟಿ ಬಿಲ್ಲೆ ಅಂಟಿಕೊಳ್ಳುವುದು, ಹಳೆಯ ಕಾರುಗಳಲ್ಲಿ ಐಡ್ಲಿಂಗ್ ನಿಯಂತ್ರಿಸುವ ವಾಲ್ವ್ ಸಿಕ್ಕಿಹಾಕಿಕೊಳ್ಳುವುದು ಇನ್ನೆರಡು ಕಾರಣಗಳು. ಥರ್ಮೊಸ್ಟಾಟ್ ತೆರೆದೇ ಉಳಿದರೆ ಎಂಜಿನ್ ಬಿಸಿಯೇರದೆ, ಇಸಿಯು ಅದನ್ನು ತಣ್ಣನೆಯ ಎಂಜಿನ್ನೆಂದೇ ಬಗೆದು ಐಡ್ಲಿಂಗನ್ನು ಏರಿಸಿಯೇ ಇಡುತ್ತದೆ.

ಪಿಕಪ್ ಕುಂದುವುದಕ್ಕೆ ಕಾರಣಗಳು ಬೇರೆ: ಧೂಳು ತುಂಬಿದ ಏರ್ ಫಿಲ್ಟರ್, ದುರ್ಬಲ ಇಂಧನ ಪಂಪ್, ಸವೆದ ಸ್ಪಾರ್ಕ್ ಪ್ಲಗ್, ಕೊಳೆಯಾದ ಗಾಳಿಯಳತೆಯ ಸಂವೇದಕ, ಕಟ್ಟಿಕೊಂಡ ಕೆಟಲಿಟಿಕ್ ಕನ್ವರ್ಟರ್. ಬೇಸಗೆಯಲ್ಲಿ ತೋಟದ ಮಣ್ಣುದಾರಿಯ ಕೆಂಧೂಳು ಫಿಲ್ಟರನ್ನು ಬೇಗ ತುಂಬುತ್ತದೆ. ಮಳೆಗಾಲದಲ್ಲಿ ತೇವಾಂಶ ಸಂವೇದಕಗಳ ಕನೆಕ್ಟರಿಗೆ ಇಳಿಯುತ್ತದೆ. ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಕಾಣುವ ಆಗುಂಬೆಯ ನೆರೆಯ ಸೀಮೆಯಲ್ಲಿ ಇದನ್ನು ಮರೆಯುವಂತಿಲ್ಲ. ಕೊಟ್ಟಿಗೆಯಲ್ಲಿ ನಿಲ್ಲಿಸಿದ ಕಾರಿನ ಹೋಸು ಮತ್ತು ವೈರುಗಳನ್ನು ಇಲಿಗಳು ಕಡಿಯುವ ಸಾಧ್ಯತೆಯನ್ನೂ ಪರಿಶೀಲಿಸಬೇಕು.

ಮಲೆನಾಡಿನ ತೋಟಗಳಲ್ಲಿ ಇಂದಿಗೂ ಕಾಣುವ ಹಳೆಯ ಡೀಸೆಲ್ ಜೀಪುಗಳಿಗೆ ಈ ವಿವರಣೆ ಹಾಗೆಯೇ ಅನ್ವಯಿಸುವುದಿಲ್ಲ. ಡೀಸೆಲ್ ಎಂಜಿನ್ನಿನ ಶಕ್ತಿಯನ್ನು ನಿರ್ಧರಿಸುವುದು ಇಂಧನದ ಪ್ರಮಾಣವೇ ಹೊರತು ಗಾಳಿಯದಲ್ಲ. ಅಲ್ಲಿ ರೇಸ್ ಇಳಿಯದಿದ್ದರೆ ಮೊದಲು ನೋಡಬೇಕಾದುದು ಕೇಬಲ್ ಅಥವಾ ಕಡ್ಡಿಯ ಜೋಡಣೆ ಮತ್ತು ಇಂಧನ ಪಂಪಿನ ಗವರ್ನರ್.

ನಿದಾನದ ಕ್ರಮ

ಮೊದಲನೆಯದು ಕ್ಲಚ್ಚಿನ ಪರೀಕ್ಷೆ. ಏರಿನಲ್ಲಿ, ಗೇರಿನಲ್ಲಿರುವಾಗಲೇ, ಸುತ್ತುಗಳು ಏರಿ ವಾಹನದ ವೇಗ ಏರದಿದ್ದರೆ ಅದು ಕ್ಲಚ್ ಜಾರುವಿಕೆ. ಕ್ಲಚ್ ಒತ್ತಿದಾಗ ಮಾತ್ರ ಸುತ್ತುಗಳು ಮೇಲೆ ನಿಂತರೆ ಅದು ರೆವ್ ಹ್ಯಾಂಗ್. ಈ ಒಂದು ಭೇದವನ್ನು ಗುರುತಿಸಿದರೆ ಅನಗತ್ಯ ವೆಚ್ಚ ಬಹುಮಟ್ಟಿಗೆ ತಪ್ಪುತ್ತದೆ.

ಎರಡನೆಯದು ನಿಂತಲ್ಲಿಯ ಪರೀಕ್ಷೆ. ಎಂಜಿನ್ ಬಿಸಿಯಾದ ಮೇಲೆ, ನ್ಯೂಟ್ರಲ್‌ನಲ್ಲಿ 3000 ಸುತ್ತುಗಳಿಗೆ ಏರಿಸಿ ಕಾಲು ತೆಗೆದು, ಐಡ್ಲಿಂಗಿಗೆ ಮರಳಲು ಹಿಡಿಯುವ ಕಾಲವನ್ನು ಗುರುತಿಸಬೇಕು. ತಣ್ಣಗಿರುವಾಗ, ಎ.ಸಿ. ಹಾಕಿದಾಗ, ಕ್ಲಚ್ ಒತ್ತಿದಾಗ ಮತ್ತು ಬಿಟ್ಟಾಗ ಇದನ್ನು ಪುನರಾವರ್ತಿಸಬೇಕು. ಅದೇ ಮಾದರಿಯ ಇನ್ನೊಂದು ಕಾರಿನಲ್ಲಿ ಇದೇ ಪರೀಕ್ಷೆ ನಡೆಸಿ ಹೋಲಿಸುವುದು ಅತ್ಯಂತ ಅಗ್ಗದ, ಆದರೆ ವಿಶ್ವಾಸಾರ್ಹ ಉಪಾಯ. ಎರಡೂ ಒಂದೇ ರೀತಿ ವರ್ತಿಸಿದರೆ ಅದು ವಿನ್ಯಾಸ ಎನ್ನಲು ಬಲವಾದ ಆಧಾರ ದೊರೆತಂತೆ. ಚಲಿಸುತ್ತಿರುವಾಗ ಮಾತ್ರ ತೊಂದರೆ ಕಾಣಿಸಿದರೆ ಕ್ಲಚ್ ಪೆಡಲಿನ ಸ್ವಿಚ್ ಮತ್ತು ವೇಗದ ಸಂವೇದಕಗಳನ್ನು ಪರೀಕ್ಷಿಸಬೇಕು.

ಮೂರನೆಯದು ಸ್ಕ್ಯಾನರ್ ಪರೀಕ್ಷೆ. ಡ್ಯಾಶ್‌ಬೋರ್ಡಿನ ಕೆಳಗಿನ ಓಬಿಡಿ ಸಾಕೆಟ್ಟಿಗೆ ಸ್ಕ್ಯಾನರನ್ನು ಜೋಡಿಸಿದರೆ ಮೂರು ಅಂಕಿಗಳನ್ನು ಒಟ್ಟಿಗೆ ಕಾಣಬಹುದು: ಪೆಡಲಿನ ಸ್ಥಾನ, ಇಸಿಯು ಆದೇಶಿಸಿದ ಥ್ರಾಟಲ್ ಸ್ಥಾನ, ಮತ್ತು ಥ್ರಾಟಲಿನ ವಾಸ್ತವ ಸ್ಥಾನ. ದೋಷ ಮತ್ತು ವಿನ್ಯಾಸಗಳ ಕವಲುದಾರಿ ಇರುವುದು ಇಲ್ಲಿಯೇ. ಪೆಡಲ್ ಸೊನ್ನೆಗೆ ಬಂದ ಮೇಲೂ ಆದೇಶವೇ ನಿಧಾನವಾಗಿ ಇಳಿಯುತ್ತಿದ್ದರೆ ಇಸಿಯು ಉದ್ದೇಶಪೂರ್ವಕವಾಗಿ ಹಿಡಿದಿಡುತ್ತಿದೆ. ಆಗ ಉಳಿಯುವ ಪ್ರಶ್ನೆ ಅದಕ್ಕೆ ತಪ್ಪು ಮಾಹಿತಿ ಹೋಗುತ್ತಿದೆಯೇ ಎಂಬುದು ಮಾತ್ರ. ಆದೇಶ ಇಳಿದರೂ ವಾಸ್ತವ ಸ್ಥಾನ ಇಳಿಯದಿದ್ದರೆ ಬಿಲ್ಲೆ ಅಂಟಿಕೊಂಡಿದೆ. ಎರಡೂ ಇಳಿದು ಸುತ್ತುಗಳು ಮಾತ್ರ ಮೇಲೆ ನಿಂತರೆ ಗಾಳಿ ಬೇರೆ ದಾರಿಯಿಂದ ಬರುತ್ತಿರುವ ಸಂಭವವೇ ಹೆಚ್ಚು. ಥ್ರಾಟಲ್ ಲ್ಯಾಗಿಗೂ ಇದೇ ತರ್ಕ ಸಲ್ಲುತ್ತದೆ: ಬಿಲ್ಲೆ ಒಡನೆಯೇ ತೆರೆದರೂ ಎಂಜಿನ್ ಏಳದಿದ್ದರೆ ಕೊರತೆಯನ್ನು ಗಾಳಿ, ಇಂಧನ ಅಥವಾ ಕಿಡಿಯಲ್ಲಿ ಹುಡುಕಬೇಕು.

ಸೋರಿಕೆಯ ಶಂಕೆಯಿದ್ದಾಗ ಇಂಧನ ತಿದ್ದುಪಡಿಯ ಅಂಕಿಗಳು ಸಹಾಯಕ. ಗಾಳಿಯ ಹರಿವನ್ನು ನೇರವಾಗಿ ಅಳೆಯುವ ಎಂಜಿನ್ನುಗಳಲ್ಲಿ ಐಡ್ಲಿಂಗಿನಲ್ಲಿ ತಿದ್ದುಪಡಿ ಹೆಚ್ಚಿದ್ದು, ಸುತ್ತುಗಳು ಏರಿದಂತೆ ಕಡಿಮೆಯಾದರೆ ಅದು ಸೋರಿಕೆಯ ಲಕ್ಷಣ. ಆದರೆ ಮ್ಯಾನಿಫೋಲ್ಡಿನ ಒತ್ತಡವನ್ನಷ್ಟೇ ಅಳೆಯುವ ಎಂಜಿನ್ನುಗಳಲ್ಲಿ ಈ ಅಂಕಿ ಸಹಜವಾಗಿಯೇ ಕಾಣಬಹುದು. ಅಂತಹ ಕಡೆ ಹೊಗೆಯನ್ನು ಕೊಳವೆಗೆ ಹಾಯಿಸಿ ಅದು ಎಲ್ಲಿ ಹೊರಬರುತ್ತದೆಂದು ನೋಡುವುದೇ ಖಚಿತ ಮಾರ್ಗ. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ಸಿಂಪಡಿಸಿ ಸೋರಿಕೆ ಹುಡುಕುವ ಪದ್ಧತಿ ಬೆಂಕಿಗೆ ಆಹ್ವಾನ. ಅದನ್ನು ಸರ್ವಥಾ ಕೈಬಿಡಬೇಕು. ಥ್ರಾಟಲ್ ಬಾಡಿಯನ್ನು ಸ್ವಚ್ಛಗೊಳಿಸುವಾಗಲೂ ಇಗ್ನಿಷನ್ ಆನ್ ಇಟ್ಟು ಬಿಲ್ಲೆಯನ್ನು ಬೆರಳಿನಿಂದ ಬಲವಂತವಾಗಿ ತಿರುಗಿಸಕೂಡದು. ಮಸಿ ತೆಗೆದ ಮೇಲೆ ಹಲವು ಕಾರುಗಳಲ್ಲಿ ಐಡ್ಲಿಂಗಿನ ಅಳತೆಯನ್ನು ಇಸಿಯುಗೆ ಹೊಸದಾಗಿ ಕಲಿಸಬೇಕಾಗುತ್ತದೆ. ಇದನ್ನು ಮಾಡದಿದ್ದರೆ ಸ್ವಚ್ಛಗೊಳಿಸಿದ ಮರುದಿನವೇ ರೇಸ್ ಇನ್ನಷ್ಟು ಏರಿದಂತೆ ತೋರಿ, ಹೊಸ ದೋಷ ಹುಟ್ಟಿತೆಂಬ ಭ್ರಮೆಯುಂಟಾಗುತ್ತದೆ.

ಅಪಾಯದ ಗೆರೆ

ವಿನ್ಯಾಸದೊಳಗಿನ ರೆವ್ ಹ್ಯಾಂಗ್ ಸಾಮಾನ್ಯವಾಗಿ ಒಂದೆರಡು ಸೆಕೆಂಡುಗಳಲ್ಲಿ ಕರಗುತ್ತದೆ. ಗೇರಿನಲ್ಲಿರುವಾಗಲೇ, ಕಾಲು ಸಂಪೂರ್ಣ ತೆಗೆದ ಮೇಲೂ, ಎಂಜಿನ್ ವಾಹನವನ್ನು ಮುಂದಕ್ಕೆ ಎಳೆಯುತ್ತಿದ್ದರೆ ಅದು ಬೇರೆಯೇ ವರ್ಗದ ಸಂಗತಿ. ಇಳಿಜಾರಿನ ತಿರುವಿನಲ್ಲಿ ಚಾಲಕನು ನೆಚ್ಚುವುದು ಎಂಜಿನ್ನಿನ ಹಿಡಿತವನ್ನು. ಆ ಹಿಡಿತ ತಪ್ಪಿ ಬ್ರೇಕಿನ ಮೇಲೆಯೇ ಭಾರವೆಲ್ಲ ಬಿದ್ದರೆ ಬ್ರೇಕು ಕಾದು ಬಲಗುಂದುತ್ತದೆ. ಅಂತಹ ವೇಳೆ ಕ್ಲಚ್ ಒತ್ತಿ, ಬ್ರೇಕನ್ನು ದೃಢವಾಗಿ ಹಿಡಿದು, ವಾಹನವನ್ನು ಪಕ್ಕಕ್ಕೆ ತಂದು ನಿಲ್ಲಿಸಿದ ಮೇಲೆ ಎಂಜಿನ್ ಆರಿಸಬೇಕು. ಕಾಲಡಿಯ ಮ್ಯಾಟು ಸರಿದು ಪೆಡಲಿಗೆ ಸಿಕ್ಕಿಕೊಂಡಿದೆಯೇ ಎಂಬುದೇ ಮೊದಲ ತಪಾಸಣೆಯಾಗಬೇಕು. ಕಾರಣ ತಿಳಿಯುವವರೆಗೆ ಆ ಕಾರನ್ನು ಘಾಟಿಗೆ ಇಳಿಸುವುದು ತರವಲ್ಲ.

ಸಹಜ ವಿಳಂಬಕ್ಕೆ ದುರಸ್ತಿಗಿಂತ ಚಾಲನಾಕ್ರಮವೇ ಮದ್ದು. ಮೇಲಿನ ಗೇರಿಗೆ ಹೋಗುವಾಗ ಕ್ಲಚ್ ಒತ್ತುವ ಮುನ್ನವೇ ಕಾಲನ್ನು ತುಸು ಸಡಿಲಿಸುವುದು, ಸುತ್ತುಗಳನ್ನು ಅತಿಯಾಗಿ ಏರಿಸದೆ ಗೇರು ಬದಲಾಯಿಸುವುದು, ಏರಿನಲ್ಲಿ ಹೊರಡುವಾಗ ಹ್ಯಾಂಡ್‌ಬ್ರೇಕಿನ ಆಸರೆ ಪಡೆದು ಎಂಜಿನ್ ಶಕ್ತಿ ತುಂಬಿಕೊಂಡ ಮೇಲೆ ಅದನ್ನು ಬಿಡುವುದು, ಇವು ಪರಿಣಾಮಕಾರಿ. ಏರಿನಲ್ಲಿ ಹಾಫ್ ಕ್ಲಚ್ಚಿನಲ್ಲಿಯೇ ನಿಂತು ವಿಳಂಬವನ್ನು ತುಂಬಿಕೊಳ್ಳುವ ರೂಢಿ ಮಾತ್ರ ಕ್ಲಚ್ಚಿಗೆ ಮಾರಕ.

ಒಟ್ಟಾರೆ, ಈ ದೋಷನಿದಾನದಲ್ಲಿ ಸ್ಕ್ಯಾನರಿನಷ್ಟೇ ಬೆಲೆ ಚಾಲಕನ ಮಾತಿಗೂ ಇದೆ. ತೊಂದರೆ ಏರಿನಲ್ಲೋ ಇಳಿಜಾರಿನಲ್ಲೋ, ಬೆಳಗಿನ ತಂಪಿನಲ್ಲೋ ಮಳೆ ಹೊಡೆದ ಮೇಲೋ, ಯಾವ ಗೇರಿನಲ್ಲಿ, ಎಂದಿನಿಂದ ಎಂಬ ವಿವರಗಳನ್ನು ಕೇಳಿ ಬರೆದಿಟ್ಟುಕೊಂಡ ಮೆಕ್ಯಾನಿಕ್ ಅರ್ಧ ದಾರಿ ಸವೆಸಿದಂತೆಯೇ. ಹೊಸದಾಗಿ ಕೊಂಡ ದಿನದಿಂದಲೂ ಇರುವ ವಿಳಂಬ ಬಹುತೇಕ ವಿನ್ಯಾಸದ್ದು. ಕಳೆದ ಮಳೆಗಾಲದಿಂದ ಆರಂಭವಾದ ವಿಳಂಬಕ್ಕೆ ಕಾರಣವೊಂದು ಎಲ್ಲೋ ಇದ್ದೇ ಇರುತ್ತದೆ. ಬಿಡಿಭಾಗ ಬದಲಾಯಿಸುವ ಮುನ್ನ ಈ ಒಂದು ಪ್ರಶ್ನೆಯನ್ನು ಕೇಳಿದರೆ ಮಾಲೀಕನ ಹಣವೂ, ಘಾಟಿಯ ದಾರಿಯಲ್ಲಿ ಕಾರಿನಲ್ಲಿರುವವರ ಜೀವವೂ ಉಳಿಯುತ್ತವೆ.