ಕಾರಿನ ಆಂಪ್ಲಿಫೈಯರ್‌ಗೆ ತಂತಿ: ತೂಗಿ ಕೊಳ್ಳಬೇಕಾದ ಸರಕು

ಬೆಂಗಳೂರಿನ ಜೆ.ಸಿ. ರಸ್ತೆಯಂತಹ ವಾಹನ ಬಿಡಿಭಾಗಗಳ ಪೇಟೆಯಲ್ಲಿ ಆಂಪ್ಲಿಫೈಯರ್ ಕೊಳ್ಳಲು ಬರುವ ಗ್ರಾಹಕನು ಅದರ ವ್ಯಾಟ್ ಸಂಖ್ಯೆಯನ್ನು ಮತ್ತೆ ಮತ್ತೆ ವಿಚಾರಿಸುತ್ತಾನೆ. ಅದಕ್ಕೆ ವಿದ್ಯುತ್ತು ಒದಗಿಸುವ ತಂತಿಯ ಬಗ್ಗೆ ಕೇಳುವವರು ವಿರಳ. ಅಂಗಡಿಯವರೂ ಸಾಮಾನ್ಯವಾಗಿ ಸಿದ್ಧ ವೈರಿಂಗ್ ಕಿಟ್ ಒಂದನ್ನು ಜೊತೆಗಿತ್ತು ವ್ಯವಹಾರ ಮುಗಿಸುತ್ತಾರೆ. ಆದರೆ ಇಂತಹ ಜೋಡಣೆಯಲ್ಲಿ ಬೆಂಕಿಯ ಅಪಾಯ ಹೆಚ್ಚಾಗಿರುವುದು ಈ ತಂತಿಯಲ್ಲಿಯೇ. 2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ತರುವಾಯ ಅದರ ಹೊಣೆಯು ಮಾರುವವರ ಹಾಗೂ ಜೋಡಿಸುವವರ ಬಾಗಿಲಿಗೂ ಬಂದು ನಿಂತಿದೆ.

ಮೊದಲು ಲೆಕ್ಕವನ್ನು ನೋಡೋಣ. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾದ ಗರಿಷ್ಠ ವ್ಯಾಟ್‌ಗೆ ಬೆಲೆ ಕೊಡಬೇಕಾಗಿಲ್ಲ. ಆರ್‌ಎಂಎಸ್ ವ್ಯಾಟ್ ಎಷ್ಟೆಂಬುದೇ ಮುಖ್ಯ. ನಿಜವಾಗಿಯೂ 600 ವ್ಯಾಟ್ ಆರ್‌ಎಂಎಸ್ ಕೊಡುವ ಎಬಿ ವರ್ಗದ ಆಂಪ್ಲಿಫೈಯರ್ ಶೇಕಡಾ 60ರಷ್ಟು ದಕ್ಷತೆಯಿಂದ ಕೆಲಸ ಮಾಡಿದರೆ, ಅದು ಸುಮಾರು 1,000 ವ್ಯಾಟ್ ಎಳೆಯುತ್ತದೆ. ಎಂಜಿನ್ ಓಡುತ್ತಿರುವಾಗಿನ 13.8 ವೋಲ್ಟ್‌ನಲ್ಲಿ ಇದು 72 ಆಂಪಿಯರ್ ಆಗುತ್ತದೆ. ಶೇಕಡಾ 80ರ ದಕ್ಷತೆಯುಳ್ಳ ಡಿ ವರ್ಗದ್ದಾದರೆ 54 ಆಂಪಿಯರ್ ಸಾಕು. ಮನೆಯ 3 ಕಿಲೋವ್ಯಾಟ್ ಗೀಸರ್ ಎಳೆಯುವುದು ಕೇವಲ 13 ಆಂಪಿಯರ್ ಎಂಬುದನ್ನು ನೆನೆದರೆ ಈ ಪ್ರವಾಹದ ಪ್ರಮಾಣ ಮನವರಿಕೆಯಾಗುತ್ತದೆ. ಹಾಡು ಕೇಳುವಾಗಿನ ಸರಾಸರಿ ಪ್ರವಾಹ ಇದಕ್ಕಿಂತ ಬಹಳ ಕಡಿಮೆಯೇ. ಆದರೂ ತಂತಿಯನ್ನು ಗರಿಷ್ಠ ಪ್ರವಾಹಕ್ಕೇ ಆರಿಸತಕ್ಕದ್ದು.

ಮುಂಭಾಗದ ಬ್ಯಾಟರಿಯಿಂದ ಡಿಕ್ಕಿಯವರೆಗೆ ತಂತಿಯ ದಾರಿ ಸುಮಾರು 5 ಮೀಟರ್. ಈ ದೂರಕ್ಕೆ 8 ಚದರ ಮಿಲಿಮೀಟರ್ ತಾಮ್ರದ ತಂತಿ ಹಾಕಿದರೆ 72 ಆಂಪಿಯರ್‌ಗೆ ಮುಕ್ಕಾಲು ವೋಲ್ಟಿಗೂ ಹೆಚ್ಚು ದಾರಿಯಲ್ಲೇ ಸೋರಿಹೋಗಿ, ಸುಮಾರು 56 ವ್ಯಾಟ್ ಶಾಖವಾಗಿ ತಂತಿಯಲ್ಲಿ ಉಳಿಯುತ್ತದೆ. ಪೇಟೆಯಲ್ಲಿ ‘4 ಗೇಜ್’ ಎನಿಸಿಕೊಳ್ಳುವ 21 ಚದರ ಮಿಲಿಮೀಟರ್ ತಾಮ್ರವಾದರೆ ಇಳಿತ 0.3 ವೋಲ್ಟ್‌ಗೆ ನಿಲ್ಲುತ್ತದೆ.

ಸಮಸ್ಯೆಯಿರುವುದು ಈ ‘4 ಗೇಜ್’ ಎಂಬ ಹೆಸರಿನಲ್ಲಿಯೇ. ಅಗ್ಗದ ಕಿಟ್‌ಗಳಲ್ಲಿ ಅನೇಕವು ತಾಮ್ರದವಲ್ಲ. ತಾಮ್ರದ ತೆಳು ಹೊದಿಕೆಯುಳ್ಳ ಅಲ್ಯೂಮಿನಿಯಂ ಎಳೆಗಳು. ಇದರ ವಾಹಕತೆ ತಾಮ್ರದ ಮೂರನೆಯ ಎರಡು ಭಾಗಕ್ಕಿಂತಲೂ ತುಸು ಕಡಿಮೆ. ಅಲ್ಲದೆ ಹೊರಗಿನ ಪ್ಲಾಸ್ಟಿಕ್ಕನ್ನು ಬೆರಳಿನಷ್ಟು ದಪ್ಪ ಮಾಡಿ ಒಳಗಿನ ಲೋಹವನ್ನು ತೆಳುವಾಗಿಸಿರುವುದೂ ಉಂಟು. ಅಲ್ಯೂಮಿನಿಯಂ ತಂತಿಯು ತನ್ನಷ್ಟಕ್ಕೆ ನಿಷಿದ್ಧ ವಸ್ತುವೇನಲ್ಲ. ಅದೆಂದು ಹೇಳಿ ಮಾರಿ, ಒಂದೂವರೆ ಪಟ್ಟಿಗೂ ಮಿಗಿಲಾದ ದಪ್ಪದ್ದನ್ನು ಹಾಕಿದರೆ ಕೆಲಸ ಸಾಗುತ್ತದೆ. ತಾಮ್ರದ ಹೆಸರಿನಲ್ಲಿ ಮಾರುವುದು ಮಾತ್ರ ವಂಚನೆಯೇ ಸರಿ.

ಇದನ್ನು ಪತ್ತೆಹಚ್ಚಲು ಪ್ರಯೋಗಾಲಯ ಬೇಕಾಗಿಲ್ಲ, ತಕ್ಕಡಿ ಸಾಕು. ಹೊಸ ಸರಕು ಬಂದಾಗ ಒಂದು ಮೀಟರ್ ತಂತಿಯ ಪ್ಲಾಸ್ಟಿಕ್ ಸುಲಿದು ಲೋಹವನ್ನಷ್ಟೇ ತೂಗಬೇಕು. 21 ಚದರ ಮಿಲಿಮೀಟರ್ ಶುದ್ಧ ತಾಮ್ರ ಸುಮಾರು 188 ಗ್ರಾಂ ತೂಗುತ್ತದೆ. ಹೊದಿಕೆಯ ಅಲ್ಯೂಮಿನಿಯಂ 70ರಿಂದ 80 ಗ್ರಾಂ ಮಾತ್ರ. ಎಳೆಯೊಂದನ್ನು ಚಾಕುವಿನಿಂದ ಕೆರೆದಾಗ ಒಳಗೆ ಬೆಳ್ಳಿಯ ಬಿಳುಪು ಕಂಡರೂ ಅನುಮಾನಿಸಬಹುದು. ಆದರೆ ತವರ ಲೇಪಿತ ತಾಮ್ರವೂ ಹೊರಗೆ ಬಿಳುಪಾಗಿಯೇ ಇರುವುದರಿಂದ ತೂಕದ ಸಾಕ್ಷ್ಯವೇ ಹೆಚ್ಚು ನಂಬಲರ್ಹ.

ಫ್ಯೂಸ್ ಎಲ್ಲಿರಬೇಕು?

‘ಆಂಪ್ಲಿಫೈಯರ್‌ನಲ್ಲೇ ಫ್ಯೂಸ್ ಇದೆಯಲ್ಲ, ಇನ್ನೊಂದೇಕೆ?’ ಎಂಬ ಪ್ರಶ್ನೆ ಅನುಭವಿ ಕೆಲಸಗಾರರಿಂದಲೂ ಕೇಳಿಬರುತ್ತದೆ. ಆ ಫ್ಯೂಸ್ ಕಾಯುವುದು ಆಂಪ್ಲಿಫೈಯರನ್ನು. ಬ್ಯಾಟರಿಯ ಬಳಿಯ ಫ್ಯೂಸ್ ಕಾಯುವುದು ತಂತಿಯನ್ನು. ಎಂಜಿನ್ ಹಾಗೂ ಪ್ರಯಾಣಿಕರ ಕೋಣೆಯ ನಡುವಿನ ತಗಡಿನ ರಂಧ್ರದಲ್ಲಿ ತಂತಿ ಉಜ್ಜಿ ಪ್ಲಾಸ್ಟಿಕ್ ಹರಿದು, ಲೋಹವು ಕಾರಿನ ಮೈಗೆ ತಾಗಿತೆನ್ನಿ. ಸುಸ್ಥಿತಿಯ ಬ್ಯಾಟರಿಯು ಆ ಕ್ಷಣದಲ್ಲಿ ಹಲವು ನೂರು ಆಂಪಿಯರ್ ಸುರಿಯಬಲ್ಲದು. ಈ ಪ್ರವಾಹವು ಡಿಕ್ಕಿಯವರೆಗೆ ಹೋಗುವುದೇ ಇಲ್ಲವಾದ್ದರಿಂದ ಅಲ್ಲಿನ ಫ್ಯೂಸ್ ನಿರುಪಯುಕ್ತ. ಆದಕಾರಣ ಮುಖ್ಯ ಫ್ಯೂಸನ್ನು ಬ್ಯಾಟರಿಯಿಂದ 45 ಸೆಂಟಿಮೀಟರ್‌ಗಳೊಳಗೆ ಇರಿಸಬೇಕೆಂಬುದು ಈ ವೃತ್ತಿಯಲ್ಲಿ ಒಪ್ಪಿತವಾದ ನಿಯಮ, ಹತ್ತಿರವಾದಷ್ಟೂ ಲೇಸು. ಅದರ ಪ್ರಮಾಣವು ಆಂಪ್ಲಿಫೈಯರ್ ಎಳೆಯುವ ಗರಿಷ್ಠ ಪ್ರವಾಹಕ್ಕಿಂತ ಹೆಚ್ಚಾಗಿಯೂ ತಂತಿ ತಾಳುವ ಮಿತಿಗಿಂತ ಕಡಿಮೆಯಾಗಿಯೂ ಇರತಕ್ಕದ್ದು. ಪದೇ ಪದೇ ಸುಡುತ್ತಿದೆ ಎಂದು ದೊಡ್ಡ ಫ್ಯೂಸ್ ಹಾಕಿಕೊಡುವುದು ಗ್ರಾಹಕನಿಗೆ ಮಾಡುವ ಉಪಕಾರವಲ್ಲ. ತಗಡಿನ ರಂಧ್ರಕ್ಕೆ ರಬ್ಬರ್ ಗ್ರಾಮೆಟ್ ತೊಡಿಸಲು ಆಗುವ ಖರ್ಚು ಲೆಕ್ಕಕ್ಕೇ ಬಾರದಷ್ಟು ಅಲ್ಪ.

ಅರ್ಥ್ ತಂತಿಯೂ ಮುಖ್ಯ ತಂತಿಯಷ್ಟೇ ದಪ್ಪವಿದ್ದು, ಅರ್ಧ ಮೀಟರ್‌ಗೆ ಮೀರದಿರಲಿ. ಬಣ್ಣ ಕೆರೆದು, ಬರಿಯ ಲೋಹಕ್ಕೆ ಲಗ್ ಮತ್ತು ಬೋಲ್ಟ್‌ನಿಂದ ಬಿಗಿಯಬೇಕು. ಸೀಟ್ ಬೆಲ್ಟಿನ ಬೋಲ್ಟ್ ಕೈಗೆ ಸಿಗುವಂತಿದ್ದರೂ ಅದನ್ನು ಮುಟ್ಟಬಾರದು. ಕೆಲಸಕ್ಕೆ ಮುನ್ನ ಬ್ಯಾಟರಿಯ ಋಣ ಟರ್ಮಿನಲ್ ಕಳಚುವುದು ಹಳೆಯ ಪಾಠವೇ. ವಿದ್ಯುತ್ ಚಾಲಿತ ಕಾರುಗಳಾದರೆ ಕಿತ್ತಳೆ ಬಣ್ಣದ ಅಧಿಕ ವೋಲ್ಟೇಜ್ ಕೇಬಲ್‌ಗಳ ಹತ್ತಿರವೂ ಸುಳಿಯಕೂಡದು. ಅವುಗಳ 12 ವೋಲ್ಟ್ ಬ್ಯಾಟರಿಗೆ ದೊಡ್ಡ ಆಂಪ್ಲಿಫೈಯರ್ ಹೊರಿಸುವ ಮುನ್ನ ವಾಹನ ತಯಾರಕರ ಸೂಚನೆ ಓದುವುದು ಕ್ಷೇಮ.

ಇನ್ನು ಹೊಣೆಯ ಮಾತು. ಮೇಲೆ ಹೇಳಿದ ಅಧಿನಿಯಮದ ಉತ್ಪನ್ನ ಹೊಣೆಗಾರಿಕೆಯ ಅಧ್ಯಾಯದಲ್ಲಿ ತಯಾರಕನ ಜೊತೆಗೆ ಮಾರಾಟಗಾರನೂ ಸೇವೆ ಒದಗಿಸುವವನೂ ಸೇರಿದ್ದಾರೆ. ತಯಾರಕನು ಯಾರೆಂದೇ ತಿಳಿಯದಿದ್ದಾಗ, ಅಥವಾ ಆತನಿಗೆ ನೋಟಿಸ್ ಜಾರಿ ಮಾಡಲು ಸಾಧ್ಯವಾಗದಿದ್ದಾಗ, ಮಾರಾಟಗಾರನನ್ನೇ ಹೊಣೆಯಾಗಿಸಲು ಅವಕಾಶವಿದೆ. ಹೆಸರು ವಿಳಾಸವಿಲ್ಲದ ಆಮದು ಕಿಟ್ ಮಾರುವ ವರ್ತಕರು ಈ ಒಂದು ಅಂಶವನ್ನಾದರೂ ತಮ್ಮ ವಕೀಲರೊಡನೆ ಚರ್ಚಿಸುವುದು ಒಳಿತು. ನಮ್ಮ ಸಣ್ಣ ಕೈಗಾರಿಕೆಗಳಿಗೆ ಇದರಲ್ಲೇ ಒಂದು ಅವಕಾಶವೂ ಅಡಗಿದೆ. ಲೋಹ ಯಾವುದು, ಅಡ್ಡಕೊಯ್ತ ಎಷ್ಟು ಚದರ ಮಿಲಿಮೀಟರ್, ಉದ್ದವೆಷ್ಟು, ಯಾವ ಪ್ರಮಾಣದ ಫ್ಯೂಸ್ ಎಂಬುದನ್ನು ಪೊಟ್ಟಣದ ಮೇಲೆಯೇ ಮುದ್ರಿಸಿದ ಕಿಟ್ ತುಸು ದುಬಾರಿಯಾದರೂ ಎಚ್ಚರವುಳ್ಳ ಅಂಗಡಿಯವರು ಅದನ್ನೇ ಆರಿಸಿಯಾರು. ಇವೇ ನಾಲ್ಕು ವಿವರಗಳನ್ನು ಜೋಡಣೆಯ ಬಿಲ್ಲಿನಲ್ಲಿಯೂ ನಮೂದಿಸಿ, ಗ್ರಾಹಕನ ಸಹಿ ಪಡೆದು ಪ್ರತಿಯೊಂದನ್ನು ಅಂಗಡಿಯ ಕಡತದಲ್ಲಿ ಇರಿಸಿಕೊಳ್ಳತಕ್ಕದ್ದು.