ಬೇಸಿಗೆಯ ಹೊಳೆ, ಮಡುವಿನ ಮೀನು

ಕಾಫಿ ಕೊಯ್ಲು ಮುಗಿದು, ಹೂಮಳೆಯೂ ಬಿದ್ದು, ಬೆಳೆಗಾರನ ಮನಸ್ಸಿಗೆ ಕೊಂಚ ಬಿಡುವು ದೊರೆಯುವ ಕಾಲದಲ್ಲಿ, ಕಳೆದ ವರ್ಷ ನಾವು ಕೆಲವರು ಹೊಸಪೇಟೆಯ ಕಡೆಗೆ ಹೋಗಿದ್ದೆವು. ಹಂಪಿ ನೋಡುವುದು ನೆಪ. ನಮ್ಮ ತೋಟದ ಹಳ್ಳಗಳನ್ನು ಕೂಡಿಸಿಕೊಂಡು ಹೊರಟ ತುಂಗೆ, ಕೂಡ್ಲಿಯಲ್ಲಿ ಭದ್ರೆಯನ್ನು ಸೇರಿ ಅಷ್ಟು ದೂರ ಹೋದ ಮೇಲೆ ಬೇಸಿಗೆಯಲ್ಲಿ ಹೇಗಿರುತ್ತಾಳೆಂದು ಕಾಣುವ ಆಸೆ. ಗಾಳದ ಹುಚ್ಚಿನ ಗೆಳೆಯರೊಬ್ಬರು ಕೋಲನ್ನೂ ಕಟ್ಟಿಕೊಂಡು ಬಂದಿದ್ದರು.

ಮಳೆಗಾಲದಲ್ಲಿ ಕಂಪ್ಲಿಯ ಸೇತುವೆಯನ್ನೇ ಮುಳುಗಿಸುವ ಹೊಳೆ ಇದೇ ಏನು ಎನ್ನುವಂತಿತ್ತು. ಅಣೆಕಟ್ಟೆಯಿಂದ ಎಡಬಲದ ಕಾಲುವೆಗಳಿಗೆ ಹೋಗಿ ಉಳಿದ ನೀರು ಬಂಡೆಗಳ ನಡುವೆ ಎಳೆಎಳೆಯಾಗಿ ಹರಿಯುತ್ತಿತ್ತು. ಬೆಳಿಗ್ಗೆ ಹತ್ತಕ್ಕೆಲ್ಲ ಬಂಡೆಯ ಮೇಲೆ ಬರಿಗಾಲಿಡಲು ಆಗದು. ಹರಿಗೋಲು ನಡೆಸುವ ಹಿರಿಯರೊಬ್ಬರು ನಮ್ಮ ಗೆಳೆಯರ ಕೋಲನ್ನು ನೋಡಿ ನಕ್ಕರು. “ಈಗ ಹೊಳ್ಯಾಗ ಮೀನಿಲ್ರಿ. ಎಲ್ಲಾ ಮಡುವಿನಾಗ ಕುಂತಾವ.”

ಅವರ ಮಾತಿನಲ್ಲಿ ಶಾಸ್ತ್ರವೇ ಅಡಗಿದೆ. ಮೀನು ಉಸಿರಾಡುವುದು ನೀರಿನಲ್ಲಿ ಕರಗಿದ ಆಮ್ಲಜನಕವನ್ನು. ೨೦ ಡಿಗ್ರಿ ಸೆಂಟಿಗ್ರೇಡಿನ ಒಂದು ಲೀಟರು ನೀರು ಸುಮಾರು ೯ ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲದು; ೩೦ ಡಿಗ್ರಿಗೆ ಏರಿದರೆ ಏಳೂವರೆ ಮಾತ್ರ. ಸೆಕೆ ಏರಿದಂತೆ ಮೀನಿಗೆ ಉಸಿರು ಹೆಚ್ಚು ಬೇಕು, ನೀರಿನಲ್ಲಿರುವುದೋ ಕಡಿಮೆ. ಆದ್ದರಿಂದ ಅವು ಆಳದ ತಂಪಿಗೆ ಇಳಿಯುತ್ತವೆ. ಇಂಗ್ಲಿಷರು ನೀಲಗಿರಿಯ ಹೊಳೆಗಳಿಗೆ ತಂದು ಬಿಟ್ಟ ಟ್ರೌಟ್ ಮೀನು ಇನ್ನೂ ಸುಕುಮಾರ. ತಣ್ಣೀರಿನ ದೇಶಗಳಲ್ಲಿ ಗರಿಯ ಹುಳು ಕಟ್ಟಿ ಟ್ರೌಟ್ ಹಿಡಿಯುವ ಪಳಗಿದ ಹವ್ಯಾಸಿಗಳು ನೀರಿಗೆ ಥರ್ಮಾಮೀಟರ್ ಇಟ್ಟು ನೋಡಿ, ೨೦ ಡಿಗ್ರಿ ದಾಟಿದ್ದರೆ ಕೋಲನ್ನು ಮಡಚಿ ಮನೆಗೆ ಹೋಗುತ್ತಾರೆ. ಆ ಸೆಕೆಯಲ್ಲಿ ಸೆಣಸಿ ದಣಿದ ಮೀನನ್ನು ಮರಳಿ ಬಿಟ್ಟರೂ ಅದು ಬದುಕುವುದು ಕಷ್ಟ. ನಮ್ಮ ಮಹಶೀರ್ ಅದಕ್ಕಿಂತ ಗಟ್ಟಿ. ೧೯೪೬ರಲ್ಲಿ ಮೈಸೂರಿನ ವಾನ್ ಇಂಗನ್ ಅವರು ಕಬಿನಿಯಲ್ಲಿ ಹಿಡಿದದ್ದು ೧೨೦ ಪೌಂಡು ತೂಗಿತ್ತು. ಅಂಥ ಮೀನು ಎಷ್ಟು ಬೇಸಿಗೆಗಳನ್ನು ಯಾವ ಮಡುವಿನಲ್ಲಿ ಕಳೆದಿರಬೇಕು!

ಮಡುವಿನಲ್ಲಿ ಮೀನು ಗುಂಪುಗೂಡುವುದನ್ನು ಬಲ್ಲವರು ಹರಿಗೋಲಿನವರಷ್ಟೇ ಅಲ್ಲ. ಒಂದು ತೋಟೆ ಸಿಡಿಸಿದರೆ ದೊಡ್ಡದು, ಮರಿ ಎಲ್ಲವೂ ಸಾಯುತ್ತವೆ. ಬಹುಪಾಲು ತಳ ಸೇರಿ ಕೊಳೆಯುತ್ತದೆ. ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು ೩೪ ಕಿಲೋಮೀಟರು ಹೊಳೆಯನ್ನು ೨೦೧೫ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲೆಂದು ಸರ್ಕಾರ ಘೋಷಿಸಿದೆ. ನೀರುನಾಯಿಯ ಹೊಟ್ಟೆಪಾಡೂ ಬೆಸ್ತರ ಹೊಟ್ಟೆಪಾಡೂ ಒಂದೇ ಮಡುವಿನಲ್ಲಿದೆ. ನಮ್ಮ ಗೆಳೆಯರು ಕೋಲನ್ನು ಗಂಟಿನಿಂದ ಬಿಚ್ಚಲೇ ಇಲ್ಲ.

ಮರುದಿನ ಸಂಡೂರಿಗೆ ಹೋದೆವು. ಅಲ್ಲಿನ ನಾರಿಹಳ್ಳ ಬೆಟ್ಟದ ಸಾಲನ್ನೇ ಗಂಡಿ ಕೊರೆದು ಹರಿಯುವ ಹಳ್ಳ. ಮಲೆನಾಡಿನವರಿಗೆ ತವರಿನ ನೆನಪು ಬರುತ್ತದೆ. ಅದಿರಿನ ಕೆಮ್ಮಣ್ಣು ಮಾತ್ರ ಕಲ್ಲು, ಎಲೆ ಎಲ್ಲಕ್ಕೂ ಹತ್ತಿದೆ. ಇಂಥ ಮಣ್ಣು ಕಲ್ಲಿನ ಸಂದುಗಳಲ್ಲಿ ಕೂತರೆ ಅಲ್ಲಿ ಮೊಟ್ಟೆ ಇಡುವ ಮೀನುಗಳಿಗೆ ನೆಲೆಯಿಲ್ಲ.

ಗಣಿಯವರನ್ನು ಬೈಯುತ್ತ ಊರಿಗೆ ಮರಳುವುದು ಸುಲಭವಿತ್ತು. ಆದರೆ ಬಸ್ಸಿನಲ್ಲಿ ಮಾತು ನಮ್ಮ ಹಳ್ಳಗಳ ಕಡೆಗೇ ತಿರುಗಿತು. ಹೂಮಳೆ ತಡವಾದರೆ ಸ್ಪ್ರಿಂಕ್ಲರಿಗೆಂದು ಮಡುವಿನ ಕೆಸರು ಕಾಣುವವರೆಗೆ ಪಂಪು ಓಡಿಸುವವರು ನಾವೇ. ಪಲ್ಪರಿನ ನೀರನ್ನು ಹೊಂಡದಲ್ಲಿ ನಿಲ್ಲಿಸದೆ ಹಳ್ಳಕ್ಕೆ ಬಿಟ್ಟರೆ ಅದು ಕೊಳೆಯುತ್ತ ನೀರಿನ ಆಮ್ಲಜನಕವನ್ನೆಲ್ಲ ಹೀರುತ್ತದೆ. ಇನ್ನು ಅಡಿಕೆಗೆ ಕೊಳೆರೋಗದ ಮೊದಲ ಸಿಂಪರಣೆ ಬೀಳುವುದು ಮಳೆಗಾಲದ ಬಾಗಿಲಲ್ಲಿ, ಹಳ್ಳ ಅತ್ಯಂತ ಬಡವಾಗಿರುವಾಗ. ಬೋರ್ಡೋ ದ್ರಾವಣ ಕಲಸಿದ ಡ್ರಮ್ಮನ್ನು ಹಳ್ಳದಲ್ಲೇ ತೊಳೆಯುವುದು ನಮ್ಮ ಹಳೆಯ ರೂಢಿ. ಮೈಲುತುತ್ತದ ತಾಮ್ರ ಮೀನಿಗೆ ವಿಷ. ಅದರಲ್ಲೂ ಸುಣ್ಣದಂಶ ಕಡಿಮೆಯಿರುವ ಮಲೆನಾಡಿನ ಮೆದುನೀರಿನಲ್ಲಿ ಆ ವಿಷದ ಕಾವು ಹೆಚ್ಚು. ಡ್ರಮ್ಮನ್ನು ಹಳ್ಳದಿಂದ ದೂರ, ತೋಟದ ಮಣ್ಣಿನ ಮೇಲೆ ತೊಳೆಯಲು ಎರಡು ಕೊಡ ನೀರು ಹೊರಬೇಕು, ಅಷ್ಟೆ.

ಗಾಳದ ಗೆಳೆಯರು ಈ ವರ್ಷ ತಮ್ಮ ಪಂಪಿನ ಫುಟ್‌ವಾಲ್ವನ್ನು ಮಡುವಿನ ತಳದಿಂದ ಎದೆಮಟ್ಟಕ್ಕೆ ಎತ್ತಿ ಕಟ್ಟಿಸಿದರು. ನೀರು ಅಲ್ಲಿಗಿಳಿದರೆ ಪಂಪು ಗಾಳಿ ಎಳೆಯುತ್ತದೆ, ನಿಲ್ಲಿಸಲೇಬೇಕು. ಸ್ಪ್ರಿಂಕ್ಲರ್ ಒಂದು ಸುತ್ತು ಮುಗಿಸಲು ನಾಲ್ಕು ದಿನ ಹೆಚ್ಚು ಹಿಡಿಯಿತೆಂದು ಗೊಣಗಿದರು. ಮೊನ್ನೆ ಹೋದಾಗ ಮಡುವಿನ ಅಂಚಿನಲ್ಲಿ ಕೂರಿಸಿ, ಒಂದು ಹಿಡಿ ಅನ್ನ ಎಸೆದು ತೋರಿಸಿದರು. ನೀರು ಒಮ್ಮೆಲೇ ಕುದಿದಂತಾಯಿತು.